ಎಷ್ಟು ಮಂದಿ ಉಲ್ಲೇಖಿಸಿದರು, ಯಾತಕ್ಕಾಗಿ ಉಲ್ಲೇಖಿಸಿದರು?

(ಪದವಿ ಪಡೆದ ವಿದ್ಯಾರ್ಥಿಗಳ ಅಭಿನಂದನಾ ಸಭೆಯಲ್ಲಿ ಹೆತ್ತವರನ್ನುದ್ದೇಶಿಸಿ ಮಾಡಿದ ಭಾಷಣದ ಬರಹರೂಪ)



ಇಂತಹ ಸಭೆಗಳಲ್ಲಿ ಭಾಷಣಕಾರರು ಸಾಮಾನ್ಯವಾಗಿ ಬಗ್ದಾದಿನಿಂದ ಆರಂಭಿಸಿ ಕೊರ್ದೋವಾದಲ್ಲಿ ಮುಗಿಸುತ್ತಾರೆ. ಬೆಳಕಿನ ಕುರಿತು ನಮ್ಮ ಪೂರ್ವಜರು ಏನು ಬರೆದರು, ಬೀಜಗಣಿತಕ್ಕೆ ಆ ಹೆಸರು ಎಲ್ಲಿಂದ ಬಂತು ಎಂಬುದನ್ನೆಲ್ಲ ಕೇಳಿ ನಾವು ಚಪ್ಪಾಳೆ ತಟ್ಟುತ್ತೇವೆ, ಬಿರಿಯಾನಿ ಉಂಡು ಮನೆಗೆ ಮರಳುತ್ತೇವೆ. ಇಂದು ನಾವು ಆಸ್ಟ್ರೇಲಿಯಾದ ಸಿಡ್ನಿಯಿಂದ ಆರಂಭಿಸಲು ಬಯಸುತ್ತೇವೆ. ಕೊರ್ದೋವಾಕ್ಕೂ ಹೋಗಲಿಕ್ಕಿದೆ, ಆದರೆ ಬೇರೆ ಕಾರಣಕ್ಕಾಗಿ.

ಈ ವಿಷಯವನ್ನು ಆರಿಸಿಕೊಳ್ಳಲು ಒಂದು ನಿಮಿತ್ತವಿದೆ. ಕೆಲವು ತಿಂಗಳ ಹಿಂದೆ ಒಬ್ಬ ತಂದೆ ನಮ್ಮಲ್ಲಿಗೆ ಬಂದರು. ಹಾರ್ಡ್‌ವೇರ್ ಅಂಗಡಿಯೊಂದರಲ್ಲಿ ದುಡಿದು ಮಗನನ್ನು ಓದಿಸಿದವರು. ಮಗ ಸೌರಶಕ್ತಿ ಎಂಜಿನಿಯರಿಂಗ್‌ನಲ್ಲಿ ಪಿಎಚ್.ಡಿ. ಮಾಡುತ್ತಿದ್ದಾನೆ. ತಂದೆಯ ಕೈಯಲ್ಲಿ ಪತ್ರಿಕೆಯ ತುಣುಕೊಂದಿತ್ತು. ಯಾವುದೋ ಕಾಲೇಜಿನ ಅಧ್ಯಾಪಕರೊಬ್ಬರು ಜಗತ್ತಿನ ಅಗ್ರ ಶೇ. 2 ವಿಜ್ಞಾನಿಗಳ ಪಟ್ಟಿಯಲ್ಲಿ ಸ್ಥಾನ ಪಡೆದಿದ್ದಾರೆ ಎಂಬ ಸುದ್ದಿ, ಜೊತೆಗೆ ಶಾಲು ಹೊದಿಸುತ್ತಿರುವ ಚಿತ್ರ. ತಂದೆ ಕೇಳಿದ್ದು ಇಷ್ಟೇ: "ಸಾಹೇಬರೇ, ನನ್ನ ಮಗನಿಗೆ ನಾಲ್ಕು ಸೈಟೇಶನ್ ಇದೆಯಂತೆ. ಅವನ ಜೊತೆಯವನಿಗೆ ನಾನೂರು ಇದೆಯಂತೆ. ನನ್ನ ಮಗ ಸರಿಯಾಗಿ ಓದುತ್ತಿಲ್ಲವೇ?" ಸ್ವಲ್ಪ ಹೊತ್ತು ಸುಮ್ಮನಿದ್ದು ಇನ್ನೊಂದು ಮಾತನ್ನೂ ಹೇಳಿದರು. ಹಣ ಕೊಟ್ಟರೆ ಮೂರು ಪ್ರಬಂಧಗಳಲ್ಲಿ ಮಗನ ಹೆಸರು ಸೇರಿಸುತ್ತೇವೆ, ವರ್ಷದೊಳಗೆ ಇಷ್ಟು ಉಲ್ಲೇಖ ಬರುವಂತೆ ನೋಡಿಕೊಳ್ಳುತ್ತೇವೆ ಎಂದು ಮಧ್ಯವರ್ತಿಯೊಬ್ಬ ಮಗನಿಗೆ ಕರೆ ಮಾಡಿದ್ದನಂತೆ. ಮಗ ಬೇಡವೆಂದಿದ್ದಾನೆ. ಆದರೆ ತಂದೆಗೆ ಚಿಂತೆ. ಬೇಡವೆಂದದ್ದು ಸರಿಯೋ, ಊರಿನ ಸೈಟು ಮಾರಿಯಾದರೂ ಕೊಡಬೇಕಿತ್ತೋ?

ಈ ಪ್ರಶ್ನೆ ಅವರೊಬ್ಬರದಲ್ಲ. ಈ ಸಭೆಯಲ್ಲಿರುವ ಹಲವು ಮನೆಗಳ ಮಕ್ಕಳು ನಾಳೆ ಸಂಶೋಧನೆಗೆ ಹೋಗುವವರು. ಆದುದರಿಂದ ಈ 'ಸೈಟೇಶನ್' ಎಂಬುದು ಏನು ಎಂದು ಮೊದಲು ತಿಳಿಯೋಣ.

ಸಂಶೋಧಕನೊಬ್ಬ ತನ್ನ ಪ್ರಬಂಧವನ್ನು ಬರೆಯುವಾಗ, ತಾನು ಯಾರ ಯಾರ ಕೆಲಸವನ್ನು ಆಧರಿಸಿದ್ದೇನೆ ಎಂದು ಹೆಸರಿಸುತ್ತಾನೆ. ಹಾಗೆ ಹೆಸರಿಸುವುದೇ ಉಲ್ಲೇಖ. ಒಂದು ಪ್ರಬಂಧವನ್ನು ನೂರು ಪ್ರಬಂಧಗಳು ಹೆಸರಿಸಿದರೆ ಅದಕ್ಕೆ ನೂರು ಉಲ್ಲೇಖ. ಇವನ್ನು ಕ್ರಮವಾಗಿ ಎಣಿಸಿ ಸೂಚಿ ಮಾಡುವ ಯೋಚನೆಯನ್ನು ಅಮೆರಿಕದ ಯೂಜೀನ್ ಗಾರ್ಫೀಲ್ಡ್ 1955ರಲ್ಲಿ ಮುಂದಿಟ್ಟರು. 1964ರಲ್ಲಿ ವಿಜ್ಞಾನ ಉಲ್ಲೇಖ ಸೂಚಿ ಹೊರಬಂತು. ಅವರಿಗೆ ಮಾದರಿಯಾದದ್ದು ವಕೀಲರ ಒಂದು ಹಳೆಯ ಗ್ರಂಥ. ಅಮೆರಿಕದಲ್ಲಿ 1873ರಿಂದಲೇ ಶೆಪರ್ಡ್ ಎಂಬವರ ಹೆಸರಿನ ಸೂಚಿಯೊಂದಿತ್ತು. ಒಂದು ತೀರ್ಪನ್ನು ಮುಂದಿನ ಯಾವ ಯಾವ ತೀರ್ಪುಗಳು ಹೆಸರಿಸಿವೆ ಎಂಬುದನ್ನು ಅದು ತೋರಿಸುತ್ತಿತ್ತು. ಇಲ್ಲಿ ಕುಳಿತಿರುವ ವಕೀಲ ಮಿತ್ರರಿಗೆ ಅದರ ಬೆಲೆ ಗೊತ್ತು. ಅದು ಎಣಿಕೆ ಮಾತ್ರವಲ್ಲ. ಮೇಲಿನ ನ್ಯಾಯಾಲಯ ಹಳೆಯ ತೀರ್ಪನ್ನು ಎತ್ತಿಹಿಡಿಯಿತೋ ತಳ್ಳಿಹಾಕಿತೋ ಎಂಬುದನ್ನೂ ಅದು ಗುರುತಿಸುತ್ತಿತ್ತು. ವಿಜ್ಞಾನದ ಎಣಿಕೆಯಲ್ಲಿ ಈ ಗುರುತು ಉಳಿಯಲಿಲ್ಲ. ಹೊಗಳಿದ್ದೂ ಒಂದು, ತೆಗಳಿದ್ದೂ ಒಂದು, ಸಾಲಿನಲ್ಲಿ ಹತ್ತು ಹೆಸರುಗಳ ನಡುವೆ ಸುಮ್ಮನೆ ಸೇರಿಸಿದ್ದೂ ಒಂದು.

2005ರಲ್ಲಿ ಜಾರ್ಜ್ ಹಿರ್ಷ್ ಎಂಬ ಭೌತವಿಜ್ಞಾನಿ ಇನ್ನೊಂದು ಅಳತೆಯನ್ನು ತಂದರು. ಇದೇ ಎಚ್-ಸೂಚ್ಯಂಕ. ನಿಮ್ಮ ಇಪ್ಪತ್ತು ಪ್ರಬಂಧಗಳಿಗೆ ತಲಾ ಇಪ್ಪತ್ತಾದರೂ ಉಲ್ಲೇಖ ಬಂದಿದ್ದರೆ ನಿಮ್ಮ ಸೂಚ್ಯಂಕ ಇಪ್ಪತ್ತು. ಲೆಕ್ಕ ಸರಳವಾಗಿದ್ದುದರಿಂದ ಆಡಳಿತಗಾರರಿಗೆ ಬಹಳ ಇಷ್ಟವಾಯಿತು. ಈ ಸೂಚ್ಯಂಕದಿಂದ ಅನಿರೀಕ್ಷಿತವಾದ ಗಂಭೀರ ದುಷ್ಪರಿಣಾಮಗಳೂ ಆಗಬಲ್ಲವು ಎಂದು 2020ರಲ್ಲಿ ಸ್ವತಃ ಹಿರ್ಷ್ ಬರೆದರು. ಅಷ್ಟರೊಳಗೆ ಅದು ನೌಕರಿ, ಬಡ್ತಿ, ಅನುದಾನಗಳ ಅರ್ಜಿಗಳಲ್ಲೆಲ್ಲ ನೆಲೆಯೂರಿತ್ತು.

ಈಗ ಸಿಡ್ನಿಗೆ ಬರೋಣ. ಸೌರಕೋಶಗಳ ಕ್ಷೇತ್ರದಲ್ಲಿ ಅತಿ ಹೆಚ್ಚು ಉಲ್ಲೇಖಗಳನ್ನು ಪಡೆದವರಲ್ಲಿ ಮಾರ್ಟಿನ್ ಗ್ರೀನ್ ಒಬ್ಬರು. 1948ರಲ್ಲಿ ಬ್ರಿಸ್ಬೇನ್‌ನಲ್ಲಿ ಹುಟ್ಟಿ, ಕೆನಡಾದಲ್ಲಿ ಡಾಕ್ಟರೇಟ್ ಪಡೆದು, 1974ರಲ್ಲಿ ಸಿಡ್ನಿಯ ನ್ಯೂ ಸೌತ್ ವೇಲ್ಸ್ ವಿಶ್ವವಿದ್ಯಾಲಯವನ್ನು ಸೇರಿದರು. 1982ರಲ್ಲಿ ಅವರು ಬರೆದ ಸೌರಕೋಶಗಳ ಪಠ್ಯಪುಸ್ತಕವನ್ನು ಲೋಕದ ಅನೇಕ ವಿಶ್ವವಿದ್ಯಾಲಯಗಳು ಬಳಸಿವೆ. 1985ರಲ್ಲಿ ಅವರ ತಂಡ ಶೇ. 20 ದಕ್ಷತೆಯ ಸಿಲಿಕಾನ್ ಕೋಶವನ್ನು ಮೊದಲ ಬಾರಿಗೆ ಮಾಡಿತು. ಎಂದರೆ ಬಿದ್ದ ಬಿಸಿಲಿನ ಐದರಲ್ಲೊಂದು ಪಾಲನ್ನು ವಿದ್ಯುತ್ತಾಗಿ ಪರಿವರ್ತಿಸಿತು. ಅನಂತರ ದಶಕಗಳ ಕಾಲ ಈ ದಾಖಲೆ ಬಹುಪಾಲು ಅವರ ತಂಡದ ಕೈಯಲ್ಲೇ ಇತ್ತು.

ನಮ್ಮ ಮಾತಿಗೆ ಬೇಕಾದದ್ದು ಈ ದಾಖಲೆಗಳ ಪಟ್ಟಿಯಲ್ಲ. ಅವರ ಎರಡು ಬಗೆಯ ಬರಹಗಳನ್ನು ಹತ್ತಿರವಿಟ್ಟು ನೋಡಬೇಕಾಗಿದೆ.

ಮೊದಲನೆಯದು 1989ರ ಒಂದು ಚಿಕ್ಕ ಪ್ರಬಂಧ. ಆಂಡ್ರ್ಯೂ ಬ್ಲೇಕರ್ಸ್, ಐಹುವಾ ವಾಂಗ್, ಜಿಯಾನ್‌ಹುವಾ ಝಾವೊ ಮೊದಲಾದವರ ಜೊತೆ ಗ್ರೀನ್ ಬರೆದದ್ದು. ಶೀರ್ಷಿಕೆಯಲ್ಲೇ ವಿಷಯವಿತ್ತು: ಶೇ. 22.8 ದಕ್ಷತೆಯ ಸಿಲಿಕಾನ್ ಸೌರಕೋಶ. ನೀವು ಇತ್ತೀಚಿನ ವರ್ಷಗಳಲ್ಲಿ ಮನೆಯ ತಾರಸಿಗೆ ಸೋಲಾರ್ ಹಾಕಿಸಲು ಅಂಗಡಿಗೆ ಹೋಗಿದ್ದರೆ, ಅಂಗಡಿಯವರು 'ಮೊನೋ ಪರ್ಕ್' ಎಂಬ ಮಾತನ್ನು ಹೇಳಿರುತ್ತಾರೆ. ಫಲಕದ ಜೊತೆಗಿನ ಕಾಗದದಲ್ಲೂ ಅದು ಅಚ್ಚಾಗಿರುತ್ತದೆ. ಅದೇನೋ ಕಂಪೆನಿಯ ಹೆಸರೆಂದು ನಾವೂ ಬಹಳ ಕಾಲ ತಿಳಿದಿದ್ದೆವು. ಆ 'ಪರ್ಕ್' ಎಂಬುದು ಈ ತಂಡದ ಕೋಶದ ಹೆಸರು.

ಅದರಲ್ಲಿರುವ ಉಪಾಯವನ್ನು ತುಸು ವಿವರಿಸಬೇಕು. ಬಿಸಿಲು ಸಿಲಿಕಾನಿನ ಬಿಲ್ಲೆಯ ಮೇಲೆ ಬಿದ್ದಾಗ ಅದರೊಳಗೆ ಇಲೆಕ್ಟ್ರಾನ್‌ಗಳು ಬಿಡುಗಡೆ ಹೊಂದುತ್ತವೆ. ಅವು ಲೋಹದ ಎಳೆಯನ್ನು ತಲುಪಿ ಹೊರಗೆ ಹರಿದರೆ ವಿದ್ಯುತ್ತು. ತಲುಪುವ ಮುನ್ನವೇ ಮತ್ತೆ ಸೆರೆಯಾದರೆ ಬರೀ ಶಾಖ. ಹಳೆಯ ಬಗೆಯ ಕೋಶದ ಹಿಂಬದಿಗೆ ಪೂರ್ತಿಯಾಗಿ ಅಲ್ಯೂಮಿನಿಯಂ ಬಳಿಯುತ್ತಿದ್ದರು. ಲೋಹ ತಾಗಿದ ಆ ಹಿಂಬದಿಯುದ್ದಕ್ಕೂ ಇಲೆಕ್ಟ್ರಾನ್‌ಗಳು ಸೋರಿಹೋಗುತ್ತಿದ್ದವು. ಸಿಡ್ನಿಯ ತಂಡ ಅವೆರಡರ ನಡುವೆ ತೆಳುವಾದ ರಕ್ಷಣಾ ಪದರವೊಂದನ್ನು ಹಾಸಿತು. ಅದರಲ್ಲಿ ಅಲ್ಲಲ್ಲಿ ಸಣ್ಣ ರಂಧ್ರಗಳನ್ನು ಬಿಟ್ಟು, ಆ ರಂಧ್ರಗಳ ಮೂಲಕ ಮಾತ್ರ ಲೋಹವು ಸಿಲಿಕಾನನ್ನು ತಾಗುವಂತೆ ಮಾಡಿತು. ಸೋರಿಕೆ ತಗ್ಗಿತು. ಹೀರಲ್ಪಡದೆ ಹಿಂಬದಿಯವರೆಗೆ ಹಾಯ್ದುಬಂದ ಬೆಳಕೂ ಆ ಪದರದಿಂದ ಪ್ರತಿಫಲಿಸಿ ಮರಳಿ ಒಳಗೆ ಹೋಗತೊಡಗಿತು.

ಇಷ್ಟು ಒಳ್ಳೆಯ ಉಪಾಯ ಕಾರ್ಖಾನೆಗೆ ಬರಲು ಎಷ್ಟು ಕಾಲ ಹಿಡಿಯಿತು? ಎರಡು ದಶಕಗಳಿಗೂ ಹೆಚ್ಚು! ಪ್ರಯೋಗಶಾಲೆಯಲ್ಲಿ ಅಂಚೆಚೀಟಿಯ ಗಾತ್ರದ ಕೋಶಕ್ಕೆ ಮಾಡಿದ್ದನ್ನು ಅಂಗೈಗಿಂತ ಅಗಲವಾದ ಬಿಲ್ಲೆಗಳಿಗೆ, ದಿನಕ್ಕೆ ಸಾವಿರಗಟ್ಟಲೆ, ಅಗ್ಗವಾಗಿ ಮಾಡುವ ದಾರಿ ಆಗ ಇರಲಿಲ್ಲ. ಅಲ್ಯೂಮಿನಿಯಂ ಆಕ್ಸೈಡಿನ ಪದರ ಹಾಸುವ ವಿಧಾನವೂ ಲೇಸರ್‌ನಿಂದ ರಂಧ್ರ ಕೊರೆಯುವ ವಿಧಾನವೂ ಬೇರೆಯವರ ಕೈಯಲ್ಲಿ ಬೆಳೆದ ಮೇಲೆ, 2010ರ ದಶಕದಲ್ಲಿ ಕಾರ್ಖಾನೆಗಳು ಒಂದೊಂದಾಗಿ ಅದರತ್ತ ತಿರುಗಿದವು. 2020ರ ನಂತರದ ಒಂದೆರಡು ವರ್ಷಗಳಲ್ಲಿ ಲೋಕದಲ್ಲಿ ತಯಾರಾದ ಸಿಲಿಕಾನ್ ಕೋಶಗಳಲ್ಲಿ ಬಹುಪಾಲು ಈ ಬಗೆಯವೇ. ಈಗ ಅದರ ಸ್ಥಾನಕ್ಕೆ 'ಟಾಪ್‌ಕಾನ್' ಎಂಬ ಮುಂದಿನ ಬಗೆ ಬಂದಿದೆ. ಅದರ ಹೆಸರೂ ಜರ್ಮನಿಯ ಫ್ರೌನ್‌ಹೋಫರ್ ಸಂಸ್ಥೆಯ ಪ್ರಯೋಗಶಾಲೆಯಿಂದ ಹೊರಟದ್ದು. ಗ್ರೀನ್, ಬ್ಲೇಕರ್ಸ್, ವಾಂಗ್ ಮತ್ತು ಝಾವೊ ಈ ನಾಲ್ವರಿಗೆ 2023ರಲ್ಲಿ ಇಂಗ್ಲೆಂಡಿನ ರಾಣಿ ಎಲಿಝಬೆತ್ ಎಂಜಿನಿಯರಿಂಗ್ ಪ್ರಶಸ್ತಿ ಬಂತು. ಪ್ರಬಂಧ ಅಚ್ಚಾಗಿ ಮೂವತ್ತನಾಲ್ಕು ವರ್ಷಗಳಾಗಿದ್ದವು.

ಯೋಚಿಸಿ ನೋಡಿ. ಕೋಟ್ಯಂತರ ತಾರಸಿಗಳ ಮೇಲೆ ಈ ಪ್ರಬಂಧ ಬಿಸಿಲಿಗೆ ಕುಳಿತಿದೆ. ಆದರೆ ಫಲಕ ಮಾಡುವ ಕಾರ್ಖಾನೆಯವನು ಪ್ರಬಂಧ ಬರೆಯುವುದಿಲ್ಲ. ಅವನು ಬಳಸಿದ್ದಕ್ಕೆ ಉಲ್ಲೇಖ ಬೀಳುವುದಿಲ್ಲ. ಗ್ರೀನ್ ಅವರ ವಿದ್ಯಾರ್ಥಿಯಾಗಿದ್ದ ಷಿ ಝೆಂಗ್‌ರೋಂಗ್ ಚೀನಾಕ್ಕೆ ಮರಳಿ 2001ರಲ್ಲಿ ಸನ್‌ಟೆಕ್ ಕಂಪೆನಿಯನ್ನು ಕಟ್ಟಿದರು. 2005ರಲ್ಲಿ ಅದು ನ್ಯೂಯಾರ್ಕ್ ಷೇರು ಮಾರುಕಟ್ಟೆಗೆ ಬಂತು. 2013ರಲ್ಲಿ ದಿವಾಳಿಯೂ ಆಯಿತು. ಆದರೆ ಚೀನಾದ ಸೌರ ಉದ್ಯಮ ನಿಂತ ಬುನಾದಿಯಲ್ಲಿ ಸಿಡ್ನಿಯಲ್ಲಿ ಕಲಿತವರ ಪಾಲು ದೊಡ್ಡದು. ಒಬ್ಬ ಅಧ್ಯಾಪಕ ಬೆಳೆಸಿದ ವಿದ್ಯಾರ್ಥಿಗಳನ್ನು ಯಾವ ಸೂಚ್ಯಂಕ ಎಣಿಸುತ್ತದೆ?

ಇನ್ನು ಎರಡನೆಯ ಬಗೆಯ ಬರಹ. 1993ರಿಂದ ಗ್ರೀನ್ ಮತ್ತು ಸಂಗಡಿಗರು ವರ್ಷಕ್ಕೆರಡು ಬಾರಿ 'ಸೌರಕೋಶಗಳ ದಕ್ಷತಾ ಕೋಷ್ಟಕಗಳು' ಎಂಬ ಪಟ್ಟಿಯನ್ನು ಪ್ರಕಟಿಸುತ್ತಾ ಬಂದಿದ್ದಾರೆ. ಅದರ ಆವೃತ್ತಿಗಳ ಸಂಖ್ಯೆ ಅರುವತ್ತನ್ನು ದಾಟಿದೆ. ಯಾವ ಬಗೆಯ ಕೋಶದಲ್ಲಿ ಲೋಕದ ಅತ್ಯುತ್ತಮ ದಕ್ಷತೆ ಎಷ್ಟು, ಯಾರು ಮಾಡಿದರು, ಯಾರು ಅಳೆದರು, ಎಷ್ಟು ಗಾತ್ರ ಎಂಬ ಒಣ ಅಂಕಿಗಳು. ಅದರಲ್ಲಿ ಹೊಸ ಶೋಧವಿಲ್ಲ. ಆದರೂ ಅವರ ಬರಹಗಳಲ್ಲಿ ಅತಿ ಹೆಚ್ಚು ಉಲ್ಲೇಖ ಪಡೆದವುಗಳ ಸಾಲಿನಲ್ಲಿ ಈ ಕೋಷ್ಟಕಗಳಿವೆ. ಒಂದೊಂದು ಆವೃತ್ತಿಗೂ ಸಾವಿರಗಳ ಲೆಕ್ಕದಲ್ಲಿ ಉಲ್ಲೇಖ ಬಂದದ್ದುಂಟು. ಕಾರಣ ಬಹಳ ಸರಳ. ಸೌರಕೋಶದ ಮೇಲೆ ಪ್ರಬಂಧ ಬರೆಯುವವನು ಮೊದಲ ಪರಿಚ್ಛೇದದಲ್ಲಿ ಇಂದಿನ ದಾಖಲೆ ಇಷ್ಟು ಎಂದು ಹೇಳಲೇಬೇಕು, ಹೇಳಿದರೆ ಈ ಕೋಷ್ಟಕವನ್ನು ಹೆಸರಿಸಲೇಬೇಕು.

ಹಾಗಾದರೆ ಇದು ಅಗ್ಗದ ಉಲ್ಲೇಖವೇ? ನಮಗೆ ಹಾಗೆ ತೋರುವುದಿಲ್ಲ. ಈ ಪಟ್ಟಿಗೆ ಸೇರಲು ಒಂದು ಷರತ್ತಿದೆ. ನಿನ್ನ ಕೋಶವನ್ನು ನೀನೇ ಅಳೆದರೆ ಸಾಲದು. ಮಾನ್ಯತೆ ಪಡೆದ ಸ್ವತಂತ್ರ ಕೇಂದ್ರವೊಂದು ಅದನ್ನು ಅಳೆಯಬೇಕು. ಚದರ ಮೀಟರಿಗೆ ಸಾವಿರ ವಾಟ್ ಬೆಳಕು, 25 ಡಿಗ್ರಿ ಸೆಲ್ಸಿಯಸ್ ತಾಪ, ನಿಗದಿಪಡಿಸಿದ ಸೌರರೋಹಿತ, ಇವು ಎಲ್ಲರಿಗೂ ಒಂದೇ. ಬಜಾರಿನಲ್ಲಿ ಮುದ್ರೆ ಒತ್ತಿದ ತಕ್ಕಡಿ ಇದ್ದಂತೆ. ಗ್ರೀನ್ ತಂಡದ ಸ್ವಂತ ಕೋಶಕ್ಕೂ ಅದೇ ನಿಯಮ. 1999ರಲ್ಲಿ ಶೇ. 24.7 ಎಂದು ದಾಖಲಾಗಿದ್ದ ಅವರ ಕೋಶವು 2008ರಲ್ಲಿ ಶೇ. 25 ಆಯಿತು. ಅದಕ್ಕೆ ಹೊಸ ಕೋಶ ಕಾರಣವಲ್ಲ, ಪ್ರಮಾಣಿತ ಸೌರರೋಹಿತದ ಪರಿಷ್ಕರಣೆ ಕಾರಣ ಎಂಬುದನ್ನೂ ಬಿಡಿಸಿ ಹೇಳಲಾಯಿತು.

ನಮ್ಮ ನಾಡಿಗೂ ಇಂತಹ ಕೋಷ್ಟಕ ಮಾಡಿದ ಒಬ್ಬ ಮಹಿಳೆ ಇದ್ದರು. ಅನ್ನಾ ಮಣಿ. 1918ರಲ್ಲಿ ಕೇರಳದ ಪೀರುಮೇಡಿನಲ್ಲಿ ಹುಟ್ಟಿ, 1940ರಲ್ಲಿ ಬೆಂಗಳೂರಿಗೆ ಬಂದು, ಸಿ.ವಿ. ರಾಮನ್ ಅವರ ಪ್ರಯೋಗಶಾಲೆಯಲ್ಲಿ ವಜ್ರ ಮತ್ತು ಮಾಣಿಕ್ಯಗಳ ಬೆಳಕಿನ ಗುಣಗಳ ಮೇಲೆ ಐದು ಪ್ರಬಂಧಗಳನ್ನು ಬರೆದರು. ಎಂ.ಎಸ್ಸಿ. ಪದವಿ ಇಲ್ಲವೆಂಬ ಕಾರಣಕ್ಕೆ ಮದರಾಸು ವಿಶ್ವವಿದ್ಯಾಲಯ ಅವರಿಗೆ ಡಾಕ್ಟರೇಟ್ ಕೊಡಲಿಲ್ಲ. ಅವರು ಹವಾಮಾನ ಇಲಾಖೆಯನ್ನು ಸೇರಿ, ದೇಶದ ಬೇರೆ ಬೇರೆ ಕಡೆ ಬಿಸಿಲನ್ನು ಅಳೆಯುವ ಕೇಂದ್ರಗಳ ಜಾಲವನ್ನು ಕಟ್ಟಿದರು. ಅದಕ್ಕೆ ಬೇಕಾದ ಉಪಕರಣಗಳನ್ನು ಇಲ್ಲಿಯೇ ಮಾಡಿಸಿದರು. 1980ರಲ್ಲಿ ಭಾರತದ ಸೌರ ವಿಕಿರಣದ ಅಂಕಿಗಳ ಕೈಪಿಡಿಯನ್ನು ಪ್ರಕಟಿಸಿದರು. ಯಾವ ಊರಿನಲ್ಲಿ ಯಾವ ತಿಂಗಳು ಎಷ್ಟು ಬಿಸಿಲು ಬೀಳುತ್ತದೆ ಎಂಬುದು ತಿಳಿಯದೆ ಯಾವ ಎಂಜಿನಿಯರೂ ಒಂದು ಫಲಕದ ಲೆಕ್ಕವನ್ನೂ ಹಾಕಲಾರ. ಡಾಕ್ಟರೇಟ್ ಇಲ್ಲದ ಈ ಮಹಿಳೆಯ ಕೈಪಿಡಿಯನ್ನು ಮುಂದಿಟ್ಟುಕೊಂಡು ಎಷ್ಟೋ ಮಂದಿ ಡಾಕ್ಟರೇಟ್ ಪಡೆದರು. ಎಂ.ಎಸ್ಸಿ. ಮುಗಿಸಿದ ಮಗಳಿಗೆ 'ಇನ್ನು ಓದಿದ್ದು ಸಾಕು' ಎನ್ನುವ ಮನೆಗಳು ನಮ್ಮಲ್ಲಿ ಕಡಿಮೆಯಿಲ್ಲ. ಅಂತಹ ಮನೆಯವರು ಇಲ್ಲಿದ್ದರೆ ಈ ಹೆಸರನ್ನು ಒಂದು ಕಾಗದದಲ್ಲಿ ಬರೆದುಕೊಂಡು ಹೋಗಿ ಎಂದು ವಿನಂತಿಸುತ್ತೇವೆ.

ಉಲ್ಲೇಖ ಬರುವ ಕಾಲದ ಕುರಿತೂ ಒಂದು ಮಾತು. ಸೌರಕೋಶದ ದಕ್ಷತೆಗೆ ಮೇಲ್ಮಿತಿ ಎಷ್ಟು ಎಂದು ಮೂಲತತ್ತ್ವಗಳಿಂದಲೇ ಲೆಕ್ಕ ಹಾಕಿದವರು ವಿಲಿಯಂ ಶಾಕ್ಲಿ ಮತ್ತು ಹಾನ್ಸ್ ಕ್ವೈಸರ್. 1961ರಲ್ಲಿ ಪ್ರಬಂಧ ಅಚ್ಚಾಯಿತು. ಶಾಕ್ಲಿ ಆಗಲೇ ನೊಬೆಲ್ ಪಡೆದಿದ್ದವರು. ಆದರೂ ಬಹಳ ವರ್ಷಗಳ ಕಾಲ ಅದನ್ನು ಕೇಳುವವರಿರಲಿಲ್ಲ. ಇಂದು ಅದು ಈ ಕ್ಷೇತ್ರದ ಅಡಿಗಲ್ಲು. ಉಲ್ಲೇಖಗಳನ್ನು ಅಧ್ಯಯನ ಮಾಡುವ ವಿದ್ವಾಂಸರು ದೀರ್ಘಕಾಲ ನಿದ್ರಿಸಿದ ಪ್ರಬಂಧಕ್ಕೆ ಉದಾಹರಣೆಯಾಗಿ ಅದನ್ನೇ ತೋರಿಸುತ್ತಾರೆ. ಜಪಾನಿನ ಯೋಕೊಹಾಮಾದ ಒಂದು ಸಣ್ಣ ಖಾಸಗಿ ವಿಶ್ವವಿದ್ಯಾಲಯದಲ್ಲಿ ತ್ಸುತೊಮು ಮಿಯಾಸಾಕಾ ಅವರ ತಂಡ 2009ರಲ್ಲಿ ಪೆರೋವ್‌ಸ್ಕೈಟ್ ಎಂಬ ವಸ್ತುವಿನಿಂದ ಕೋಶ ಮಾಡಿದಾಗ ದಕ್ಷತೆ ಶೇ. 3.8 ಮಾತ್ರ. ಮೂರು ವರ್ಷ ಹೆಚ್ಚಿನವರು ಅದರತ್ತ ಗಮನ ಹರಿಸಲಿಲ್ಲ. 2012ರಲ್ಲಿ ಕೊರಿಯಾ ಮತ್ತು ಇಂಗ್ಲೆಂಡಿನ ತಂಡಗಳು ಅದೇ ವಸ್ತುವಿನಿಂದ ಶೇ. 10ರ ಆಸುಪಾಸಿಗೆ ಬಂದೊಡನೆ ಲೋಕವೇ ಅತ್ತ ಓಡಿತು. ಮೊದಲ ಎರಡು ವರ್ಷಗಳ ಉಲ್ಲೇಖ ಎಣಿಸಿ ಮಿಯಾಸಾಕಾ ಅವರನ್ನು ಅಳೆದಿದ್ದರೆ?

ಇಷ್ಟು ಹೊತ್ತು ನಾವು ಮಾತಾಡಿದ್ದು ಪ್ರಾಮಾಣಿಕವಾದ ಎಣಿಕೆಯ ದೋಷಗಳ ಕುರಿತು. ಇನ್ನು ಅಪ್ರಾಮಾಣಿಕತೆಯ ಕಡೆಗೆ ಬರಬೇಕು. ಇಲ್ಲಿ ನಮಗೆ ತುಸು ನೋವಾಗುವ ಮಾತುಗಳಿವೆ.

2011ರ ಡಿಸೆಂಬರಿನಲ್ಲಿ ಅಮೆರಿಕದ 'ಸೈನ್ಸ್' ಪತ್ರಿಕೆ ಒಂದು ವರದಿ ಪ್ರಕಟಿಸಿತು. ಸೌದಿ ಅರೇಬಿಯದ ಜಿದ್ದಾದಲ್ಲಿರುವ ಕಿಂಗ್ ಅಬ್ದುಲ್ ಅಝೀಝ್ ವಿಶ್ವವಿದ್ಯಾಲಯವು ಬೇರೆ ದೇಶಗಳ ಅತಿ ಹೆಚ್ಚು ಉಲ್ಲೇಖಿತ ವಿಜ್ಞಾನಿಗಳು ಅರುವತ್ತಕ್ಕೂ ಹೆಚ್ಚು ಮಂದಿಯ ಜೊತೆ ಒಪ್ಪಂದ ಮಾಡಿಕೊಂಡಿತ್ತು. ವರ್ಷದಲ್ಲಿ ಕೆಲವು ವಾರ ಬಂದುಹೋಗಬೇಕು. ಪ್ರಬಂಧಗಳಲ್ಲೂ ಉಲ್ಲೇಖಿತರ ಪಟ್ಟಿಯಲ್ಲೂ ತಮ್ಮ ಹೆಸರಿನ ಮುಂದೆ ಆ ವಿಶ್ವವಿದ್ಯಾಲಯದ ಹೆಸರನ್ನೂ ಬರೆಯಬೇಕು. ಪ್ರತಿಫಲವಾಗಿ ಕೈತುಂಬ ಹಣ. ಅಂತಾರಾಷ್ಟ್ರೀಯ ಶ್ರೇಯಾಂಕಗಳಲ್ಲಿ ಉಲ್ಲೇಖಿತರ ಸಂಖ್ಯೆಗೆ ಅಂಕವಿರುವುದರಿಂದ ಇಂತಹ ವ್ಯಾಪಾರಕ್ಕೆ ಗಿರಾಕಿಗಳುಂಟಾದರು. ಇದರಲ್ಲಿ ತಪ್ಪೇನೂ ಇಲ್ಲ, ಸಂಶೋಧನಾ ಸಹಯೋಗವೇ ಉದ್ದೇಶವೆಂದು ಸಮರ್ಥಿಸಿದವರೂ ಇದ್ದರು. ಹನ್ನೆರಡು ವರ್ಷಗಳ ನಂತರ, 2023ರಲ್ಲಿ, ಸ್ಪೇನಿನ ಕೊರ್ದೋವಾ ವಿಶ್ವವಿದ್ಯಾಲಯವು ತನ್ನಲ್ಲಿ ಪೂರ್ಣಾವಧಿಯ ಹುದ್ದೆಯಲ್ಲಿದ್ದುಕೊಂಡೇ ಸೌದಿ ಮತ್ತು ರಷ್ಯಾದ ಸಂಸ್ಥೆಗಳ ಹೆಸರಿನಲ್ಲಿ ಪ್ರಕಟಿಸುತ್ತಿದ್ದ ಒಬ್ಬ ರಸಾಯನಶಾಸ್ತ್ರಜ್ಞರನ್ನು ಹದಿಮೂರು ವರ್ಷಗಳ ಕಾಲ ವೇತನವಿಲ್ಲದೆ ಅಮಾನತುಗೊಳಿಸಿತು. ನಮ್ಮ ಭಾಷಣಗಳ ಕೊರ್ದೋವಾದಿಂದ ಈ ಸಲ ಬಂದ ಸುದ್ದಿ ಇದು.

ಆದರೆ ಅದೇ ಸೌದಿಯ ಇನ್ನೊಂದು ಮುಖವನ್ನೂ ಹೇಳದಿದ್ದರೆ ಅನ್ಯಾಯವಾಗುತ್ತದೆ. ಕೆಂಪು ಸಮುದ್ರದ ತೀರದ ಕಿಂಗ್ ಅಬ್ದುಲ್ಲಾ ವಿಜ್ಞಾನ ಮತ್ತು ತಂತ್ರಜ್ಞಾನ ವಿಶ್ವವಿದ್ಯಾಲಯದ ಪ್ರಯೋಗಶಾಲೆಯಲ್ಲಿ 2023ರಲ್ಲಿ ಸಿಲಿಕಾನಿನ ಮೇಲೆ ಪೆರೋವ್‌ಸ್ಕೈಟ್ ಪದರವಿಟ್ಟು ಮಾಡಿದ ಕೋಶವು ಶೇ. 33.7 ದಕ್ಷತೆಯನ್ನು ತಲುಪಿತು. ಬರೀ ಸಿಲಿಕಾನಿನ ಕೋಶ ಎಂದೂ ದಾಟಲಾರದ ಗಡಿಯದು. ಸ್ವತಂತ್ರ ಕೇಂದ್ರದಲ್ಲಿ ಅಳೆಸಿದ ಆ ಅಂಕಿ ಗ್ರೀನ್ ಅವರ ಕೋಷ್ಟಕದಲ್ಲಿ ಸೇರಿತು. ಆಮೇಲೆ ಚೀನಾದ ಕಂಪೆನಿಯೊಂದು ಅದನ್ನು ಮೀರಿಸಿತು, ಅದು ಬೇರೆ ಮಾತು. ಹಣ ಎರಡು ಕಡೆಯೂ ಸೌದಿಯದೇ. ಒಂದು ಕಡೆ ಹಣವು ಹೆಸರನ್ನು ಕೊಂಡಿತು, ಇನ್ನೊಂದು ಕಡೆ ಪ್ರಯೋಗಶಾಲೆಯನ್ನು ಕಟ್ಟಿತು.

ಅತಿ ಹೆಚ್ಚು ಉಲ್ಲೇಖಿತರ ಪಟ್ಟಿಯನ್ನು ಪ್ರಕಟಿಸುವ ಕ್ಲಾರಿವೇಟ್ ಸಂಸ್ಥೆ 2023ರಲ್ಲಿ ಅನುಮಾನಾಸ್ಪದ ಲೆಕ್ಕಗಳ ಕಾರಣದಿಂದ ಸಾವಿರಕ್ಕೂ ಹೆಚ್ಚು ಹೆಸರುಗಳನ್ನು ಕೈಬಿಟ್ಟಿತು. ಅದೇ ವರ್ಷ ಲೋಕದಾದ್ಯಂತ ಹತ್ತು ಸಾವಿರಕ್ಕೂ ಹೆಚ್ಚು ಪ್ರಬಂಧಗಳು ಹಿಂತೆಗೆದುಕೊಳ್ಳಲ್ಪಟ್ಟವು. ಅವುಗಳಲ್ಲಿ ಎಂಟು ಸಾವಿರಕ್ಕೂ ಹೆಚ್ಚು ಹಿಂದಾವಿ ಎಂಬ ಒಂದೇ ಪ್ರಕಾಶನ ಸಂಸ್ಥೆಯವು. ಆ ತಂದೆಯ ಮಗನಿಗೆ ಕರೆ ಮಾಡಿದ ಮಧ್ಯವರ್ತಿ ಯಾವ ಮಾರುಕಟ್ಟೆಯ ದಲ್ಲಾಳಿ ಎಂಬುದು ನಿಮಗೆ ಈಗ ಅರ್ಥವಾಗಿರಬಹುದು.

ತಂದೆ ತಂದಿದ್ದ ಪತ್ರಿಕೆಯ ತುಣುಕಿನ ಬಗ್ಗೆಯೂ ಹೇಳಬೇಕು. ಆ ಶೇ. 2ರ ಪಟ್ಟಿ ಜಾನ್ ಅಯೊನಿಡಿಸ್ ಎಂಬ ಪ್ರಾಧ್ಯಾಪಕರು ಸಂಗಡಿಗರೊಂದಿಗೆ 2019ರಿಂದ ಸಿದ್ಧಪಡಿಸುತ್ತಿರುವ ಅಂಕಿ ಸಂಗ್ರಹ. ಅವರು ಸ್ಟ್ಯಾನ್‌ಫರ್ಡ್‌ನವರಾದುದರಿಂದ ಪತ್ರಿಕೆಗಳು ಅದನ್ನು ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯ ಕೊಡುವ ಗೌರವವೆಂಬಂತೆ ಬರೆಯುತ್ತವೆ. ಅದರಲ್ಲಿ ಸುಮಾರು ಎರಡು ಲಕ್ಷ ಹೆಸರುಗಳಿವೆ. ತನ್ನನ್ನು ತಾನೇ ಉಲ್ಲೇಖಿಸಿಕೊಂಡದ್ದನ್ನು ಕಳೆದರೆ ಎಷ್ಟು ಉಳಿಯುತ್ತದೆ ಎಂಬ ಕಾಲಮ್ಮೂ ಆ ಸಂಗ್ರಹದಲ್ಲೇ ಇದೆ. ಶಾಲು ಹೊದಿಸುವವರು ಅದನ್ನು ಓದುವುದಿಲ್ಲ. ಆ ಪಟ್ಟಿಯಲ್ಲಿ ನಿಜವಾದ ವಿದ್ವಾಂಸರು ಬಹಳ ಮಂದಿ ಇದ್ದಾರೆ ಎಂಬುದರಲ್ಲಿ ನಮಗೆ ಸಂಶಯವಿಲ್ಲ. ಆದರೆ ಪಟ್ಟಿಯೇ ವಿದ್ವತ್ತಲ್ಲ.

ಈ ರೋಗದಲ್ಲಿ ಸರಕಾರದ ಪಾಲೂ ಇದೆ. 2016ರಲ್ಲಿ ಮೊದಲ ಬಾರಿಗೆ ಪ್ರಕಟವಾದ ಎನ್‌ಐಆರ್‌ಎಫ್ ಶ್ರೇಯಾಂಕದಲ್ಲಿ ಪ್ರಬಂಧಗಳ ಮತ್ತು ಉಲ್ಲೇಖಗಳ ಎಣಿಕೆಗೆ ಗಣನೀಯ ತೂಕವಿತ್ತು. ಕಾಲೇಜುಗಳು ಅಧ್ಯಾಪಕರ ಬೆನ್ನು ಹತ್ತಿದವು, ಅಧ್ಯಾಪಕರು ವಿದ್ಯಾರ್ಥಿಗಳ ಬೆನ್ನು ಹತ್ತಿದರು. ಪಿಎಚ್.ಡಿ. ಸಲ್ಲಿಸುವ ಮುನ್ನ ಪ್ರಬಂಧ ಪ್ರಕಟವಾಗಲೇಬೇಕೆಂಬ ಕಡ್ಡಾಯವನ್ನು ಯುಜಿಸಿ 2022ರ ನವೆಂಬರಿನಲ್ಲಿ ಕೈಬಿಟ್ಟಿತು. 2025ರ ಶ್ರೇಯಾಂಕದಲ್ಲಿ ಹಿಂತೆಗೆದ ಪ್ರಬಂಧಗಳಿಗೆ ಅಂಕ ಕಡಿತವೂ ಬಂತು. ಇವು ಸರಿಯಾದ ಹೆಜ್ಜೆಗಳೇ. ಆದರೆ 2022ರ ಡಿಸೆಂಬರಿನಲ್ಲಿ ಇನ್ನೊಂದು ನಿರ್ಧಾರವೂ ಲೋಕಸಭೆಯಲ್ಲಿ ಪ್ರಕಟವಾಯಿತು. ಸಾಚಾರ್ ವರದಿಯ ಬೆನ್ನಿಗೆ, 2009ರಲ್ಲಿ, ಅಲ್ಪಸಂಖ್ಯಾತ ಸಂಶೋಧನಾ ವಿದ್ಯಾರ್ಥಿಗಳಿಗಾಗಿ ಆರಂಭವಾಗಿದ್ದ ಮೌಲಾನಾ ಆಝಾದ್ ರಾಷ್ಟ್ರೀಯ ಫೆಲೋಶಿಪ್ 2022-23ರಿಂದ ನಿಂತುಹೋಯಿತು. ಬೇರೆ ಯೋಜನೆಗಳ ಜೊತೆ ಅದು ಪುನರಾವರ್ತನೆಯಾಗುತ್ತಿದೆ ಎಂಬುದು ಸರಕಾರ ಕೊಟ್ಟ ಕಾರಣ. ಐದು ವರ್ಷ ತಿಂಗಳ ಖರ್ಚಿಗೆ ಹಣವಿದ್ದರೆ ಹುಡುಗನೊಬ್ಬ ನಿಧಾನವಾಗಿ, ಸರಿಯಾಗಿ ಅಳೆಯಬಲ್ಲ. ಆ ಹಣವನ್ನು ನಿಲ್ಲಿಸಿ, ಎಣಿಕೆಯ ಒತ್ತಡವನ್ನು ಉಳಿಸಿಕೊಂಡರೆ ಅವನು ದಲ್ಲಾಳಿಯ ಕರೆಗೆ ಕಿವಿಗೊಡದೆ ಇನ್ನೇನು ಮಾಡಿಯಾನು? ಫ್ಲೆಕ್ಸ್‌ಗೂ ಶಾಲಿಗೂ ನಮ್ಮ ಜಮಾಅತ್‌ಗಳು ವರ್ಷಕ್ಕೆ ಎಷ್ಟು ಖರ್ಚು ಮಾಡುತ್ತವೆ ಎಂಬುದು ಖಜಾಂಚಿಗಳಿಗೆ ಗೊತ್ತು. ಆ ಮೊತ್ತ ಒಬ್ಬ ಸಂಶೋಧಕನ ಕೆಲವು ತಿಂಗಳ ಬಾಡಿಗೆಗೆ ಸಾಕಾಗಬಹುದು.

ಆ ತಂದೆಗೆ ನಾವು ಕೂಡಲೇ ಉತ್ತರ ಕೊಡಲಿಲ್ಲ. ಮಗನಿಗೆ ಫೋನು ಮಾಡಿಸಿ, "ಆ ನಾಲ್ಕು ಉಲ್ಲೇಖಗಳು ಯಾರವು, ಯಾತಕ್ಕೆ ಉಲ್ಲೇಖಿಸಿದ್ದಾರೆ?" ಎಂದು ಕೇಳಿದೆವು. ಹುಡುಗನ ಕೆಲಸ ಫಲಕಗಳ ಮೇಲೆ ಕೂರುವ ಧೂಳಿನ ಕುರಿತಾದದ್ದು. ಒಂದು ಸಾಲನ್ನು ದಿನವೂ ತೊಳೆಯುತ್ತಾನೆ, ಇನ್ನೊಂದನ್ನು ತೊಳೆಯದೆ ಬಿಡುತ್ತಾನೆ, ಎರಡರ ವಿದ್ಯುತ್ತನ್ನೂ ಬರೆದಿಡುತ್ತಾನೆ. ಅವನು ಹೇಳಿದ: ಒಂದು ಉಲ್ಲೇಖ ತನ್ನ ಗೈಡ್ ಬರೆದದ್ದು, ಎರಡು ಪೀಠಿಕೆಯ ಸಾಲಿನಲ್ಲಿ ಸುಮ್ಮನೆ ಬಂದವು. ನಾಲ್ಕನೆಯದನ್ನು ಹೇಳುವಾಗ ಅವನ ಧ್ವನಿ ಬದಲಾಯಿತು. ಬೇರೆ ರಾಜ್ಯದ ಒಬ್ಬರು ಅವನ ಅಂಕಿಗಳನ್ನು ತೆಗೆದುಕೊಂಡು ತಮ್ಮ ಅಂಕಿಗಳ ಪಕ್ಕದಲ್ಲಿಟ್ಟು ನೋಡಿ, ಮಳೆಗಾಲದ ಆರಂಭದ ಲೆಕ್ಕ ತಾಳೆಯಾಗುವುದಿಲ್ಲ, ಬೆಳಕನ್ನು ಅಳೆಯುವ ಉಪಕರಣದ ಗಾಜಿನ ಮೇಲೂ ಧೂಳು ಕೂತಿತ್ತೇನೋ ಎಂದು ಬರೆದಿದ್ದಾರೆ. "ಅವರು ಹೇಳಿದ್ದು ಸರಿ ಸರ್, ಗಾಜನ್ನು ಒರೆಸುವುದನ್ನು ನಾನು ಮರೆತಿದ್ದೆ" ಎಂದ.

ತಂದೆ ಸೈಟು ಮಾರಲಿಲ್ಲ. ಹುಡುಗ ಈ ವರ್ಷ ಎರಡೂ ಸಾಲುಗಳನ್ನು ಮತ್ತೆ ಮೊದಲಿನಿಂದ ಅಳೆಯುತ್ತಿದ್ದಾನೆ. ಅವನ ಪ್ರಬಂಧ ಸಲ್ಲಿಕೆ ಒಂದು ವರ್ಷ ಮುಂದೆ ಹೋಗಿದೆ, ಆ ಒಂದು ವರ್ಷದ ಖರ್ಚಿಗೆ ದಾರಿ ಇನ್ನೂ ಆಗಬೇಕಾಗಿದೆ. ಸಭೆಯ ನಂತರ ಜಮಾಅತ್‌ನ ಹಿರಿಯರು ಐದು ನಿಮಿಷ ಕುಳಿತುಕೊಂಡರೆ ಆ ಬಗ್ಗೆ ಮಾತಾಡಬಹುದು. ಪ್ರಶ್ನೆಗಳಿದ್ದರೆ ಈಗಲೇ ಕೇಳಿ.